ಬಲಗೈಗೆ ಬಂದ ಆಟ

ನಿನ್ನೆ ಸಂಜೆ ಪಕ್ಕದ ಮನೆಯ ಹುಡುಗನೊಂದಿಗೆ ಒಂದು ಚದುರಂಗದಾಟವನ್ನು ಮೊದಲಿನಿಂದ ಕೊನೆಯವರೆಗೆ ಬಲಗೈಯಲ್ಲೇ ಆಡಿದೆ. ಒಂದು ಕಾಯಿಯೂ ಉರುಳಲಿಲ್ಲ. ಹತ್ತು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದಾಗ ಈ ಕೈ ಚಮಚ ಹಿಡಿಯಲೂ ಒಲ್ಲೆನೆಂದಿತ್ತು. ಕೆಲವರಿಗೆ ನಾಲ್ಕು ಜನರೆದುರು ಕೃತಜ್ಞತೆ ಹೇಳದೆ ನನಗೆ ಸಮಾಧಾನವಿಲ್ಲ.

ಸಣ್ಣ ವಸ್ತುಗಳನ್ನು ಎತ್ತಿಡುವುದನ್ನು ಅಭ್ಯಾಸ ಮಾಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದರು. ಕಡಲೆಕಾಳು, ಅಂಗಿಯ ಗುಂಡಿ ಎತ್ತಿ ಎತ್ತಿ ಬೇಸತ್ತು ಕೈಬಿಟ್ಟಿದ್ದೆ. ಆಗ ನನ್ನ ಹೆಂಡತಿ ಅಟ್ಟದಿಂದ ಚೆಸ್ ಬೋರ್ಡ್ ಇಳಿಸಿದಳು. ಜೊತೆಗೆ ಒಂದು ಹಳೆಯ ನೋಟ್‌ಬುಕ್. ವಿಶ್ವನಾಥನ್ ಆನಂದ್ ಅವರ ಆಟಗಳನ್ನು ವರ್ಷಗಟ್ಟಲೆ ಅದರಲ್ಲಿ ಬರೆದಿಟ್ಟಿದ್ದೆ. ಚದುರಂಗ ಬಾರದ ಅವಳು ನಡೆಗಳನ್ನು ಸೂಚಿಸುವ ಅಕ್ಷರ, ಅಂಕಿ ಓದಿ ಹೇಳುತ್ತಿದ್ದಳು, ಎತ್ತಿಡುವ ಕೆಲಸ ನನ್ನದು. ಬಿದ್ದ ಕಾಯಿಗಳನ್ನು ಮಂಚದಡಿಯಿಂದ ಹೆಕ್ಕಿ ಕೊಡುತ್ತಿದ್ದವಳೂ ಅವಳೇ.

ಮೊದಲು ಆಡಿದ್ದು 2013ರ ಜನವರಿಯಲ್ಲಿ ನೆದರ್ಲೆಂಡ್ಸಿನ ವೈಕ್ ಆನ್ ಜೀಯಲ್ಲಿ ಲೆವೊನ್ ಅರೋನಿಯನ್ ವಿರುದ್ಧ ಆನಂದ್ ಕಪ್ಪು ಕಾಯಿಗಳಿಂದ ಗೆದ್ದ ಆಟ. 23 ನಡೆಗಳ ಪುಟ್ಟ ಆಟ. ನನಗೆ ಒಂದೂವರೆ ಗಂಟೆ ಹಿಡಿಯಿತು. 15ನೇ ನಡೆಯಲ್ಲಿ ಆನಂದ್ ಒಂಟೆಯನ್ನು ಬಿಳಿಯ ಕಾಲಾಳಿನ ಬಾಯಿಗೇ ತಂದಿಡುತ್ತಾರೆ. ಮರುನಡೆಯಲ್ಲಿ ಕುದುರೆಯನ್ನು ಎರಡು ಕಾಲಾಳುಗಳ ಎದುರಿಗೆ ನಿಲ್ಲಿಸುತ್ತಾರೆ. ಏನನ್ನು ಹೊಡೆದರೂ ಬಿಳಿಯ ರಾಜನಿಗೆ ನೆಮ್ಮದಿಯಿಲ್ಲ. ಆ ಕುದುರೆಯನ್ನು ಇಟ್ಟ ಕೈ ನನ್ನದು, ನಡುಗುತ್ತಿದ್ದ ಕೈ. ಅಂದು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಆನಂದ್ 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು, ಐದು ಬಾರಿ ವಿಶ್ವ ಚಾಂಪಿಯನ್ ಆದರು. ಇದು ಎಲ್ಲರಿಗೂ ಗೊತ್ತು. ನನಗೆ ಆಸರೆಯಾದದ್ದು ಅವರು ಸೋತ ದಿನಗಳು. 2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತು, ವಿಶ್ವ ಚಾಂಪಿಯನ್ ಪಟ್ಟದ ಪಂದ್ಯಕ್ಕೆ ಫ್ರಾಂಕ್‌ಫರ್ಟಿನಿಂದ ಬಲ್ಗೇರಿಯಾದ ಸೋಫಿಯಾಕ್ಕೆ ಸುಮಾರು 40 ಗಂಟೆ ರಸ್ತೆಯಲ್ಲಿ ಹೋದರು. ಅಲ್ಲಿಯವರೇ ಆದ ಎದುರಾಳಿ ಟೊಪಾಲೊವ್ ಎದುರು ಮೊದಲ ಆಟವನ್ನೇ ಸೋತರು. ಮರುದಿನ ಕುಳಿತು ಎರಡನೆಯದನ್ನು ಗೆದ್ದರು! ಅಂಕ ಸಮವಿದ್ದಾಗ 12ನೇ ಆಟವನ್ನು ಟೊಪಾಲೊವ್ ತವರಿನಲ್ಲೇ ಕಪ್ಪು ಕಾಯಿಗಳಿಂದ ಗೆದ್ದು ಪಟ್ಟ ಉಳಿಸಿಕೊಂಡರು. 2013ರಲ್ಲಿ ತಾವು ಬೆಳೆದ ಚೆನ್ನೈಯಲ್ಲೇ ನಾರ್ವೆಯ ಕಾರ್ಲ್‌ಸನ್‌ಗೆ ಪಟ್ಟ ಬಿಟ್ಟುಕೊಟ್ಟಾಗ ಆನಂದ್‌ಗೆ 44 ತುಂಬುತ್ತಿತ್ತು, ಮುಗಿಯಿತು ಎಂದು ನಾನೂ ನೋಟ್‌ಬುಕ್ ಮುಚ್ಚಿದ್ದೆ. ನಾಲ್ಕೇ ತಿಂಗಳಲ್ಲಿ, ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿ ಗೆದ್ದು ಮತ್ತೆ ಸವಾಲುಗಾರರಾದರು. ಆ ಪುಟಗಳನ್ನು ಈ ವರ್ಷ ಬರೆದು ಸೇರಿಸಿದೆ, ಬಲಗೈಯಲ್ಲಿ, ಸೊಟ್ಟ ಅಕ್ಷರಗಳಲ್ಲಿ.

ಆನಂದ್ ಅವರೇ, ನಿಮಗೆ ನನ್ನ ಪರಿಚಯವಿಲ್ಲ. ಆದರೂ ನಿಮ್ಮ ನೂರಾರು ನಡೆಗಳು ಈ ಬೆರಳುಗಳ ಮೂಲಕ ಹಾದುಹೋಗಿವೆ. ಧನ್ಯವಾದಗಳು. ತಾಳ್ಮೆಗೆಡದ ಫಿಸಿಯೋಥೆರಪಿಸ್ಟ್‌ಗೂ, ನನ್ನ ನಡೆಗಾಗಿ ಎಷ್ಟು ಹೊತ್ತಾದರೂ ಕಾಯುವ ಆ ಹುಡುಗನಿಗೂ ಧನ್ಯವಾದಗಳು. ನನ್ನ ಹೆಂಡತಿಗೆ ಏನು ಹೇಳಲಿ? ಈಗ ಕುದುರೆಯ ನಡೆ ಹೇಗೆಂದು ಅವಳೇ ಕೇಳುತ್ತಿದ್ದಾಳೆ. ಇಂದು ಸಂಜೆ ಕಲಿಸಬೇಕು.