ಅಮ್ಮ, ಪಬ್ಬು ಮತ್ತು ಕಸ್ಟರ್ಡ್

ಪ್ರಿಯ ಸದಸ್ಯರೇ,

ಊರಿಂದ ಇಲ್ಲಿ ಇಂಗ್ಲೆಂಡಿಗೆ ನೆಂಟರು ಬಂದರೆ ಊಟಕ್ಕೆ ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಉತ್ತರಗಳೆಲ್ಲ ದೋಸೆಯ ಸುತ್ತಲೇ ಗಿರಕಿ ಹೊಡೆದಿವೆ. ಒಬ್ಬರಂತೂ ಮಸಾಲೆ ದೋಸೆ ತಿನ್ನಲೆಂದೇ ಬರ್ಮಿಂಗ್‌ಹ್ಯಾಮಿನಿಂದ ಲಂಡನ್ನಿನ ಈಸ್ಟ್ ಹ್ಯಾಮ್‌ವರೆಗೆ ಕಾರು ಓಡಿಸುತ್ತಾರಂತೆ. ದೋಸೆಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ತಮ್ಮ ಬೀದಿಯ ಕೊನೆಯಲ್ಲೇ ಇರುವ ಪಬ್ಬಿನ ಹೆಸರನ್ನು ಒಬ್ಬರೂ ಎತ್ತಲಿಲ್ಲವಲ್ಲ! ಕಾರಣ ಗೊತ್ತಿರುವುದೇ. ನಮ್ಮ ಕಿವಿಗೆ ಪಬ್ ಅಂದರೆ ಕುಡಿಯುವ ಜಾಗ. ಮನೆಮಂದಿಯನ್ನು ಕರೆದುಕೊಂಡು ಹೋಗುವ ಜಾಗವಲ್ಲ.

ನನ್ನಮ್ಮನಿಗೂ ಹಾಗೇ ಅನಿಸಿತ್ತು. ತುಮಕೂರಿನಿಂದ ಮೊದಲ ಸಲ ಬಂದಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಕಾಲುವೆ ದಂಡೆಯ ಮೇಲೆ ನಡೆದು, ಮಳೆಗೆ ಸಿಕ್ಕಿ, ಎದುರಿಗೆ ಕಂಡ ಪಬ್ಬಿಗೆ ನುಗ್ಗಿದೆವು. ಅಮ್ಮ ಹೊಸ್ತಿಲಲ್ಲೇ ನಿಂತಳು. "ಏನೋ ಇದು, ಬ್ರಾಂದಿ ಅಂಗಡಿಗೆ ಕರ್ಕೊಂಡು ಬಂದಿದೀಯ?" ಬಾಗಿಲ ಮೇಲೆ ತೂಗುತ್ತಿದ್ದ ಹಲಗೆಯಲ್ಲಿ ದೊಡ್ಡದೊಂದು ಓಕ್ ಮರ. ಮಾತು ಮರೆಸಲು ಅದರ ಕತೆ ಶುರು ಮಾಡಿದೆ. 1651ರಲ್ಲಿ ವೂಸ್ಟರ್ ಕದನದಲ್ಲಿ ಸೋತ ರಾಜ ಎರಡನೇ ಚಾರ್ಲ್ಸ್, ಬೆನ್ನಟ್ಟಿದ ಸೈನಿಕರಿಂದ ತಪ್ಪಿಸಿಕೊಳ್ಳಲು ಬಾಸ್ಕೊಬೆಲ್‌ನಲ್ಲಿ ಓಕ್ ಮರ ಹತ್ತಿ ಕೂತ. ಈ ದೇಶದಲ್ಲಿ ಇಷ್ಟೊಂದು ಪಬ್ಬುಗಳಿಗೆ 'ರಾಯಲ್ ಓಕ್' ಅನ್ನುವ ಹೆಸರು ಬಂದದ್ದು ಹಾಗೆ. ಅಮ್ಮ ಛತ್ರಿ ಕೊಡವುತ್ತಾ ಕೇಳಿದಳು: "ಹೆದರಿ ಮರ ಹತ್ತಿದೋನ ಹೆಸರಲ್ಲಿ ಹೋಟ್ಲಾ?"

ಒಳಗೆ ಬೆಂಕಿ ಉರಿಯುತ್ತಿತ್ತು. ಅಜ್ಜ ಅಜ್ಜಿಯೊಂದಿಗೆ ಬಂದ ಮಗುವೊಂದು ಚಿತ್ರಕ್ಕೆ ಬಣ್ಣ ತುಂಬುತ್ತಿತ್ತು. ಪಕ್ಕದ ಮೇಜಿನ ಕೆಳಗೆ ಒದ್ದೆ ನಾಯಿಯೊಂದು ಮಲಗಿ ಗೊರಕೆ ಹೊಡೆಯುತ್ತಿತ್ತು. ಕುಡಿತದ ಮೇಲಿದ್ದ ಅಮ್ಮನ ಆಕ್ಷೇಪ ಐದೇ ನಿಮಿಷದಲ್ಲಿ ನಾಯಿಯ ಮೇಲಕ್ಕೆ ವರ್ಗವಾಯಿತು.

ಇಲ್ಲಿ ಹೊಸಬರಿಗೊಂದು ಮಾತು. ಹೆಚ್ಚಿನ ಪಬ್ಬುಗಳಲ್ಲಿ ಮೇಜಿನ ಬಳಿ ಯಾರೂ ಬಂದು ಏನು ಬೇಕೆಂದು ಕೇಳುವುದಿಲ್ಲ. ಮೇಜಿನ ಸಂಖ್ಯೆ ನೋಡಿಟ್ಟುಕೊಂಡು ನೀವೇ ಕೌಂಟರಿಗೆ ಹೋಗಿ ಹೇಳಿ, ಅಲ್ಲೇ ದುಡ್ಡು ಕೊಟ್ಟು ಬರಬೇಕು. ಈ ದೇಶಕ್ಕೆ ಬಂದ ಹೊಸತರಲ್ಲಿ ಮುಕ್ಕಾಲು ಗಂಟೆ ಕೂತು, "ಎಂಥ ಅಹಂಕಾರದ ಜನ" ಎಂದು ಬೈದುಕೊಂಡು ಎದ್ದು ಬಂದವರಲ್ಲಿ ನಾನೂ ಒಬ್ಬ.

ಭಾನುವಾರ ರೋಸ್ಟಿನ ದಿನ, ಅಂದರೆ ಒಲೆಯಲ್ಲಿ ಸುಟ್ಟ ಮಾಂಸದ ಊಟದ ದಿನ. ಪಕ್ಕದವರ ತಟ್ಟೆಯಲ್ಲಿ ಹೊಂಬಣ್ಣಕ್ಕೆ ಉಬ್ಬಿ, ನಡುವೆ ಗುಳಿಬಿದ್ದು ಕೂತಿದ್ದ ಯಾರ್ಕ್‌ಶೈರ್ ಪುಡ್ಡಿಂಗನ್ನು ಕಂಡು ಅಮ್ಮ, "ಅಷ್ಟು ದೊಡ್ಡ ಪಡ್ಡು ಮಾಡೋಕೆ ಎಂಥಾ ಕಾವಲಿ ಇಟ್ಟಿರ್ಬೇಕು ಇವರು" ಎಂದಳು. ಮೈದಾ, ಹಾಲಿನ ಜೊತೆ ಮೊಟ್ಟೆ ಇಲ್ಲದೆ ಅದು ಉಬ್ಬುವುದಿಲ್ಲ ಎಂದೆ. ಮುಖ ಆ ಕಡೆ ತಿರುಗಿತು. ಕೊನೆಗೆ ಲೀಕ್ (ಈರುಳ್ಳಿ ಜಾತಿಯ ತರಕಾರಿ) ಮತ್ತು ಆಲೂಗಡ್ಡೆಯ ಸೂಪು, ಬ್ರೆಡ್ಡು ತರಿಸಿದೆ. ಮೇಲೆ ಕಾಳುಮೆಣಸಿನ ಪುಡಿ ಧಾರಾಳವಾಗಿ ಬಿತ್ತು. ಸಿಹಿಗೆ ಆ್ಯಪಲ್ ಕ್ರಂಬಲ್ ಇತ್ತು: ಬೇಯಿಸಿದ ಸೇಬಿನ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಉದುರುದುರಾಗಿ ಕಲೆಸಿ ಹರಡಿ ಸುಟ್ಟದ್ದು. ಅದಕ್ಕೆ ಮೊಟ್ಟೆ ಬೇಕಿಲ್ಲ. ಜೊತೆಗೆ ಸುರಿಯುವ ಕಸ್ಟರ್ಡ್ ಮಾತ್ರ ಅನುಮಾನ.

ಕೌಂಟರಿನ ಹುಡುಗಿಯನ್ನು ಕೇಳಿದೆ. ಅವಳು ಒಳಗೆ ಹೋದಳು. ಎರಡು ನಿಮಿಷದಲ್ಲಿ ಮೊಳಕೈವರೆಗೂ ಹಚ್ಚೆ ಹಾಕಿಸಿಕೊಂಡಿದ್ದ ದೈತ್ಯ ಬಾಣಸಿಗ ಕಸ್ಟರ್ಡ್ ಪೌಡರಿನ ಡಬ್ಬವನ್ನೇ ಎತ್ತಿಕೊಂಡು ನಮ್ಮ ಮೇಜಿಗೆ ಬಂದ. ಅಮ್ಮ ಡಬ್ಬವನ್ನು ಕೈಯಳತೆಯ ದೂರ ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಅಕ್ಷರ ಅಕ್ಷರ ಓದಿದಳು. ಕಾರ್ನ್‌ಫ್ಲೋರ್, ಬಣ್ಣ, ಪರಿಮಳ. "ಅಯ್ಯೋ, ಇದು ನಮ್ಮನೇದೇ ಕಣೋ!" ನೆಂಟರು ಬಂದಾಗ ಬಾಳೆಹಣ್ಣು, ದ್ರಾಕ್ಷಿ, ದಾಳಿಂಬೆ ಹಾಕಿ ಫ್ರೂಟ್ ಸಲಾಡ್ ಮಾಡುತ್ತಿದ್ದ ಅದೇ ಹಳದಿ ಪುಡಿಯ ಜಾತಿ.

ಇನ್ನೊಂದು ತಮಾಷೆ ಕೇಳಿ. ಈ ಪುಡಿ ಹುಟ್ಟಿದ್ದೇ ನಮ್ಮ ಬರ್ಮಿಂಗ್‌ಹ್ಯಾಮಿನಲ್ಲಿ. ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ಅಂಗಡಿಯಾತನ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ. ಅವಳಿಗಾಗಿ ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಕಂಡುಹಿಡಿದ. ಡಿಗ್‌ಬೆತ್‌ನಲ್ಲಿದ್ದ ಆ ಕಾರ್ಖಾನೆಯ ಕಟ್ಟಡಗಳಿಗೆ ಈಗಲೂ 'ಕಸ್ಟರ್ಡ್ ಫ್ಯಾಕ್ಟರಿ' ಎಂದೇ ಹೆಸರು. ಈಗ ಅಲ್ಲಿರುವುದು ಅಂಗಡಿ, ಕಲಾವಿದರ ಸ್ಟುಡಿಯೋಗಳು ಅಷ್ಟೆ. ಹೆಂಡತಿಯ ಹೊಟ್ಟೆಗಾಗಿ ಗಂಡ ಮಾಡಿದ ಪುಡಿ, ಮೊಟ್ಟೆ ಮುಟ್ಟದ ನಮ್ಮ ಊರುಗಳ ಅಡುಗೆಮನೆ ಹೊಕ್ಕಿತ್ತು. ಅಮ್ಮ ಅಷ್ಟಕ್ಕೇ ಬಿಡಲಿಲ್ಲ. ಪುಡಿಯನ್ನು ಬಿಸಿ ಹಾಲಿಗೆ ನೇರ ಹಾಕಬಾರದು, ತಣ್ಣನೆ ಹಾಲಲ್ಲಿ ಕದಡಿಕೊಳ್ಳಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ ಎಂದು ಆ ಬಾಣಸಿಗನಿಗೆ ನನ್ನ ಮೂಲಕ ಪಾಠ ಹೇಳಿಸಿದಳು. ಆತ ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಂದ ಬಟ್ಟಲಿನಲ್ಲಿ ಕಸ್ಟರ್ಡ್ ಎಷ್ಟಿತ್ತೆಂದರೆ ಕ್ರಂಬಲನ್ನು ಹುಡುಕಬೇಕಾಯಿತು.

ಆವತ್ತು ಅಷ್ಟು ಆರಾಮವಾಗಿ ಕೂತು ಉಂಡದ್ದಕ್ಕೆ ಬೇರೆಯವರ ಋಣವೂ ಇದೆ. ಇಲ್ಲೇ ಪಕ್ಕದ ಸ್ಮೆದಿಕ್‌ನಲ್ಲಿ ಫೌಂಡ್ರಿ ಕೆಲಸಕ್ಕೆ ಬಂದ ಪಂಜಾಬಿಗಳಿಗೆ 1960ರ ದಶಕದಲ್ಲಿ ಎಷ್ಟೋ ಪಬ್ಬುಗಳ ಒಳಕೋಣೆಗೆ ಪ್ರವೇಶವಿರಲಿಲ್ಲ. ಬಿಳಿಯರಿಗೆ ಒಂದು ಕೋಣೆ, ಉಳಿದವರಿಗೆ ಇನ್ನೊಂದು. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನವರು ಅದರ ವಿರುದ್ಧ ಹೋರಾಡಿದರು. ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ ಮಾಲ್ಕಮ್ ಎಕ್ಸ್ 1965ರ ಫೆಬ್ರವರಿ 12ರಂದು ಅವರ ಕರೆಗೆ ಓಗೊಟ್ಟು ಸ್ಮೆದಿಕ್‌ಗೆ ಬಂದಿದ್ದರು. ಒಂಬತ್ತೇ ದಿನಗಳಲ್ಲಿ ಅವರ ಹತ್ಯೆಯಾಯಿತು. ಅದೇ ವರ್ಷ ಬಂದ ಜನಾಂಗ ಸಂಬಂಧ ಕಾಯಿದೆ ಇಂಥ ಭೇದವನ್ನು ಸಾರ್ವಜನಿಕ ಸ್ಥಳಗಳಲ್ಲಿ ನಿಷೇಧಿಸಿತು. ಈಗ ಅದೇ ಸ್ಮೆದಿಕ್, ವೆಸ್ಟ್ ಬ್ರಾಮಿಚ್‌ಗಳಲ್ಲಿ ಪಬ್ಬುಗಳನ್ನು ನಡೆಸುವವರಲ್ಲೇ ಎಷ್ಟೋ ಮಂದಿ ಪಂಜಾಬಿಗಳು. 'ದೇಸಿ ಪಬ್' ಅನ್ನುತ್ತಾರೆ. ಈರುಳ್ಳಿಯ ಹಾಸಿಗೆಯ ಮೇಲೆ ಚುರುಗುಟ್ಟುತ್ತಾ ಬರುವ ಮಿಕ್ಸೆಡ್ ಗ್ರಿಲ್ಲಿಗಾಗಿ ಬಿಳಿಯರೂ ನಮ್ಮವರೂ ಒಂದೇ ಮೇಜಿಗೆ ಮೊಳಕೈ ಊರಿ ಕೂರುತ್ತಾರೆ. ಮಾಂಸ ತಿನ್ನುವ ಸದಸ್ಯರು ಇನ್ನೂ ಹೋಗಿಲ್ಲವೆಂದರೆ ನನಗೆ ಆಶ್ಚರ್ಯ. ಪನೀರಿನವರಿಗೂ ಮೋಸವಿಲ್ಲ.

ಸಸ್ಯಾಹಾರಿಗಳು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಅಲರ್ಜಿ ತರಬಲ್ಲ 14 ಪದಾರ್ಥಗಳ ಮಾಹಿತಿಯನ್ನು ಗಿರಾಕಿಗೆ ಕೊಡಬೇಕೆಂಬ ಕಾನೂನು 2014ರ ಡಿಸೆಂಬರಿನಿಂದ ಇದೆ. ಮೊಟ್ಟೆ, ಹಾಲು, ಕಡಲೆಕಾಯಿ ಅಲ್ಲದೆ ಸಾಸಿವೆ, ಎಳ್ಳೂ ಆ ಪಟ್ಟಿಯಲ್ಲಿವೆ. ಅಂದರೆ ನಮ್ಮ ಒಗ್ಗರಣೆಯೇ ಎಚ್ಚರಿಕೆ ಕೊಡಬೇಕಾದ ವಸ್ತು! ಗೋಧಿ ಹಿಟ್ಟು ಬೆರೆಸಿದ ಇಂಗು ಹಾಕಿದರಂತೂ ಗ್ಲೂಟನ್ ಕೂಡ ಸೇರಿತು. ಆದರೆ ದನದ ಕೊಬ್ಬು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬಾಯಿಬಿಟ್ಟು ಕೇಳಲೇಬೇಕು. ಉತ್ತರ ಇಂಗ್ಲೆಂಡಿನ ಅನೇಕ ಕಡೆ ಚಿಪ್ಸ್ ಕರಿಯುವುದು ಬೀಫ್ ಡ್ರಿಪ್ಪಿಂಗಿನಲ್ಲಿ, ಅಂದರೆ ಕರಗಿಸಿದ ದನದ ಕೊಬ್ಬಿನಲ್ಲಿ. ಯಾರ್ಕ್‌ಶೈರಿನ ಸಮುದ್ರ ತೀರದ ಊರೊಂದರಲ್ಲಿ ಎರಡು ಬೇಸಿಗೆ "ಇಲ್ಲಿನ ಆಲೂಗಡ್ಡೆಗೇ ಒಂದು ರುಚಿ" ಎಂದು ಹೊಗಳಿ ತಿಂದು, ಮೂರನೇ ಬೇಸಿಗೆಯಲ್ಲಿ ಗೋಡೆಯ ಮೇಲಿನ ಬೋರ್ಡು ಓದಿದೆ. ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ. ಈ ಸುದ್ದಿಪತ್ರವನ್ನು ಅವಳಿಗೆ ಕಳುಹಿಸುವವರು ದಯವಿಟ್ಟು ಈ ಪುಟ ಬಿಟ್ಟು ಕಳುಹಿಸಿ. ರೋಸ್ಟ್ ಆಲೂಗಡ್ಡೆಯನ್ನು ಬಾತುಕೋಳಿ ಕೊಬ್ಬಿನಲ್ಲಿ ಹುರಿಯುವವರೂ ಇದ್ದಾರೆ, ಗ್ರೇವಿಯದೂ ಅದೇ ಪಾಡು. ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಭಾನುವಾರವಾದರೆ ಮೊದಲೇ ಮೇಜು ಕಾದಿರಿಸಿ. ಸಂಜೆಯಾಗುವುದರೊಳಗೆ ಅಡುಗೆಮನೆ ಮುಚ್ಚುವ ಪಬ್ಬುಗಳೇ ಹೆಚ್ಚು.

ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯನ್ನು ಬಾಡಿಗೆ ಸಭಾಂಗಣದ ಬದಲು ಪಬ್ಬಿನಲ್ಲೇ ನಡೆಸೋಣವೆಂದು ಸೂಚಿಸಿದ್ದೇನೆ. ಒಬ್ಬೊಬ್ಬರು ಸರದಿಯಲ್ಲಿ ಎಲ್ಲರಿಗೂ ಪಾನೀಯ ಕೊಡಿಸುವ 'ರೌಂಡ್' ಪದ್ಧತಿಯನ್ನೂ ವಿವರಿಸಿದೆ. ಖಜಾಂಚಿಯವರು ಸಭೆಗೆ ಒಪ್ಪಿದ್ದಾರೆ, ರೌಂಡಿಗೆ ಒಪ್ಪಿಲ್ಲ. ಊಟ ಸಂಘದ ಲೆಕ್ಕವಂತೆ, ಕುಡಿದದ್ದು ಅವರವರ ಜೇಬಿನದಂತೆ. ಕಸ್ಟರ್ಡ್ ಯಾವ ಲೆಕ್ಕಕ್ಕೆ ಎಂದು ಕೇಳಿದ್ದೇನೆ, ಉತ್ತರ ಬಂದಿಲ್ಲ.

- ಸಂಪಾದಕ