ಅದು ಮಂಜಲ್ಲ, ಹೊಗೆ

ಮಾನ್ಯ ಸಂಪಾದಕರೇ,

ಫೆಬ್ರುವರಿ, ಮಾರ್ಚ್ ಬಂತೆಂದರೆ ಪೇಪರಿನಲ್ಲಿ ನಮ್ಮ ಕಡೆಯ ಗುಡ್ಡಗಳ ಫೋಟೊ ಹಾಕಿ, ಕೆಳಗೆ ‘ಮಂಜು ಮುಸುಕಿದ ಮಲೆನಾಡು’ ಎಂದು ಬರೆಯುತ್ತೀರಿ. ಬೆಳಗಿನ ಆರೂವರೆಯ ಫೋಟೊ ಆದರೆ ಸರಿ. ಮಧ್ಯಾಹ್ನ ಮೂರಕ್ಕೆ ಬಿಸಿಲು ಸುಡುವಾಗ ಎಲ್ಲಿಯ ಮಂಜು? ಅದು ದರಗು (ಉದುರಿದ ಒಣ ಎಲೆ), ಬ್ಯಾಣ (ಹುಲ್ಲುಗಾವಲು) ಸುಟ್ಟ ಹೊಗೆ, ಜೊತೆಗೆ ರಸ್ತೆಯ ಧೂಳು.

ನಮ್ಮ ಮನೆಯ ಬಚ್ಚಲೊಲೆ ಹೊಗೆಯನ್ನೇ ದಿನಾ ನೋಡುತ್ತೇನೆ. ಹಂಚಿನ ಸಂದಿಯಿಂದ ಏಳುವಾಗ ಹಿಂದೆ ಕಪ್ಪಗೆ ಅಡಿಕೆ ತೋಟ ಇರುತ್ತದೆ, ಆಗ ಹೊಗೆ ತಿಳಿ ನೀಲಿ. ಅದೇ ಹೊಗೆ ಮರದ ತುದಿ ದಾಟಿ ಬೆಳ್ಳಗಿನ ಆಕಾಶಕ್ಕೆ ಎದುರಾದ ಕೂಡಲೇ ಕಂದು. ಹೊಸ ಹೊಗೆಯ ಕಣ ತೀರಾ ಸಣ್ಣದು, ನೀಲಿ ಬೆಳಕನ್ನೇ ಜಾಸ್ತಿ ಚೆದುರಿಸುತ್ತದೆ. ಚೆದುರಿದ್ದು ಕಣ್ಣಿಗೆ ಬಿದ್ದರೆ ನೀಲಿ, ಚೆದುರದೆ ದಾಟಿ ಬಂದದ್ದು ಕಂದು. ಆಕಾಶ ನೀಲಿಯಾಗಿರುವುದೂ ಹೀಗೇ, ಅಲ್ಲಿ ಚೆದುರಿಸುವುದು ಗಾಳಿಯ ಅಣುಗಳು. ಮುಂದೆ ಲಾರ್ಡ್ ರೇಲಿ ಎಂದು ಹೆಸರಾದ ಇಂಗ್ಲಿಷ್ ವಿಜ್ಞಾನಿ 1871ರಲ್ಲೇ ಇದರ ಲೆಕ್ಕ ಹಾಕಿದ್ದರು: ಕೆಂಪಿಗಿಂತ ನೀಲಿ ನಾಲ್ಕು ಪಟ್ಟಿಗೂ ಜಾಸ್ತಿ ಚೆದುರುತ್ತದೆ.

ಆದರೆ ಹೊಗೆ ಹಳತಾದಂತೆ ಕಣಗಳು ಒಂದಕ್ಕೊಂದು ಅಂಟಿ, ತೇವ ಹೀರಿ ಉಬ್ಬುತ್ತವೆ. ಆಮೇಲೆ ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚೆದುರಿಸುವುದರಿಂದ ಆಕಾಶ ಹಾಲು ಬೆರೆಸಿದಂತೆ ಬಿಳಿಚಿಕೊಳ್ಳುತ್ತದೆ, ನಮಗೂ ಕೊಡಚಾದ್ರಿಗೂ ನಡುವಿನ ಗಾಳಿಯೇ ಬೆಳಗಿ 1343 ಮೀಟರ್ ಎತ್ತರದ ಬೆಟ್ಟ ಕಾಣದಾಗುತ್ತದೆ. ಅಂಗೈಯಿಂದ ಸೂರ್ಯನನ್ನು ಮರೆಮಾಡಿ ಸುತ್ತಲಿನ ಆಕಾಶ ನೋಡಿ (ಸೂರ್ಯನನ್ನು ಮಾತ್ರ ನೇರ ನೋಡಬೇಡಿ). ಕೈ ಅಂಚಿನವರೆಗೂ ನೀಲಿ ಇದ್ದರೆ ಗಾಳಿ ಸ್ವಚ್ಛ. ಕಣ್ಣು ಕುಕ್ಕುವ ಬಿಳುಪಿದ್ದರೆ ಹೊಗೆ, ಧೂಳು ಇದೆ ಎಂದೇ ಅರ್ಥ.

ಧೂಳು, ಹೊಗೆ ಇದ್ದರೆ ಸೂರ್ಯಾಸ್ತ ಚೆಂದ ಎನ್ನುವವರಿದ್ದಾರೆ. ಹೋದ ಮಾರ್ಚ್‌ನಲ್ಲಿ ಬೆಂಗಳೂರಿನ ನೆಂಟರನ್ನು ಆಗುಂಬೆಗೆ ಕರೆದುಕೊಂಡು ಹೋಗಿದ್ದೆ. ಸೂರ್ಯ ಅಂಚು ಮುಟ್ಟಲೇ ಇಲ್ಲ, ಮಾಸಿದ ಕುಂಕುಮದ ಬೊಟ್ಟಿನಂತಾಗಿ ಮೇಲೆಯೇ ಕರಗಿಹೋದ. ಮುಳುಗುವ ಹೊತ್ತಿಗೆ ಬೆಳಕು ನೆತ್ತಿಯ ಮೇಲಿನದಕ್ಕಿಂತ ಸುಮಾರು 38 ಪಟ್ಟು ಗಾಳಿ ದಾಟಿ ಬರಬೇಕು, ಅಷ್ಟು ಉದ್ದಕ್ಕೂ ಹೊಗೆ ತುಂಬಿದ್ದರೆ ಕೆಂಪು ಕೂಡ ಉಳಿಯುವುದಿಲ್ಲ. ಮಳೆ ತೊಳೆದುಹೋದ ಮೇಲೆ, ನವೆಂಬರಿನಲ್ಲಿ ಬನ್ನಿ, ಸಮುದ್ರದ ಗೆರೆಯೂ ಕಾಣುತ್ತದೆ.

ಮೊದಲು ದರಗು ಕೊಟ್ಟಿಗೆಗೆ, ಗೊಬ್ಬರದ ಗುಂಡಿಗೆ ಹೋಗುತ್ತಿತ್ತು. ಈಗ ಸುಮ್ನೆ ಕಡ್ಡಿ ಗೀರಿಬಿಡುತ್ತಾರೆ. ಅದನ್ನು ಪೇಪರೂ ಮಂಜು ಎಂದು ಕರೆದರೆ ನಿಲ್ಲಿಸಬೇಕು ಅಂತ ಯಾರಿಗೆ ಅನಿಸುತ್ತದೆ? ಮುಂದಿನ ಸಲ ಫೋಟೊದ ಕೆಳಗೆ ದಯವಿಟ್ಟು ‘ಹೊಗೆ’ ಎಂದೇ ಬರೆಯಿರಿ.

– ಓದುಗ, ತೀರ್ಥಹಳ್ಳಿ