ಕುರ್ಚಿ ಕಡಿಮೆ ಹಾಕು, ಮೈಕು ನಿನ್ನ ಕೈಲಿರಲಿ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಗ್ರಂಥಾಲಯದ ಕಾರ್ಯಕ್ರಮಗಳ ಹೊಣೆ ನಿನ್ನ ಹೆಗಲಿಗೆ ಬಿದ್ದಿದೆ ಅಂತ ತಿಳಿದು ಖುಷಿಯಾಯಿತು. ಜನ ತಮ್ಮದೇ ಕಥೆ ಹೇಳುವ ಒಂದು ಸಂಜೆ, ಲೇಖಕರೊಬ್ಬರ ಜೊತೆ ಮಾತುಕತೆ, ಒಂದು ಸಿನಿಮಾ ಮತ್ತು ಚರ್ಚೆ. ಮೂರಕ್ಕೂ ಒಂದೇ ಹಾಲ್, ಒಂದೇ ಬಗೆಯ ಕಾರ್ಯಕ್ರಮಪಟ್ಟಿ ಸಾಲದೇ ಅಂತ ಕೇಳಿದ್ದೀಯ. ಹಾಲ್ ಒಂದೇ ಇರಲಿ, ಪಟ್ಟಿ ಮಾತ್ರ ಬೇರೆ ಬೇರೆ. ಸ್ವಾಗತ ಭಾಷಣ, ಅಧ್ಯಕ್ಷರ ಮಾತು, ವಂದನಾರ್ಪಣೆ ಅಂತ ಸಭೆಯ ಚೌಕಟ್ಟಿಗೆ ತುರುಕಿದರೆ ಮೂರೂ ಕೆಡುತ್ತವೆ. ಕಥೆ ಹೇಳುವವರಿಗೆ ಕೇಳುವವರ ಮುಖ ಕಾಣಬೇಕು. ಲೇಖಕರ ಎದುರಿಗೆ ಪುಸ್ತಕ ಓದಿಕೊಂಡು ಬಂದ ಒಬ್ಬರಾದರೂ ಇರಬೇಕು. ಸಿನಿಮಾಕ್ಕೆ ಮೊದಲು ಕತ್ತಲು ಬೇಕು, ಆಮೇಲೆ ಬೆಳಕು ಬೇಕು, ಎರಡಕ್ಕೂ ಸಾಕಾಗುವಷ್ಟು ಹೊತ್ತು ಬೇಕು.

ಮೊದಲು ಕುರ್ಚಿ. 40 ಜನ ಬರಬಹುದು ಅನ್ನಿಸಿದರೆ 30 ಕುರ್ಚಿ ಹಾಕು, ಉಳಿದವನ್ನು ಗೋಡೆ ಪಕ್ಕ ಪೇರಿಸಿಡು. 25 ಜನ ಬಂದರೂ ಹಾಲ್ ತುಂಬಿದ ಹಾಗಿರುತ್ತದೆ. ಅದೇ 25 ಜನ 100 ಕುರ್ಚಿಗಳ ನಡುವೆ ಹಿಂದಿನ ಸಾಲು ಹುಡುಕಿಕೊಂಡು ಚದುರಿ ಕೂರುತ್ತಾರೆ, ಮುಂದೆ ನಿಂತವರ ದನಿ ಅಲ್ಲೇ ಕುಗ್ಗುತ್ತದೆ. ಬಾಗಿಲು ಕೇಳುಗರ ಬೆನ್ನ ಹಿಂದಿರುವ ಹಾಗೆ ಹಾಲನ್ನು ತಿರುಗಿಸಿಕೋ. ಮಾತಾಡುವವರ ಪಕ್ಕದಲ್ಲೇ ಬಾಗಿಲಿದ್ದರೆ ತಡವಾಗಿ ಬಂದ ಪ್ರತಿಯೊಬ್ಬರೂ ಒಂದೊಂದು ವಾಕ್ಯ ನುಂಗುತ್ತಾರೆ. ಗಾಲಿಕುರ್ಚಿಯವರಿಗೆ ಬರೀ ಕೊನೆಯ ಸಾಲಿನ ಮೂಲೆ ತೋರಿಸಬೇಡ, ಮುಂದೆ ಮತ್ತು ನಡುವೆಯೂ ಜಾಗ ಬಿಡು.

ಇನ್ನು ಮೈಕು. “ನನ್ನ ದನಿ ದೊಡ್ಡದು, ಮೈಕು ಬೇಡ” ಅನ್ನುವವರು ಪ್ರತಿ ಸಲವೂ ಒಬ್ಬರು ಸಿಗುತ್ತಾರೆ. ಒಪ್ಪಬೇಡ. ಕಿವಿಯ ಯಂತ್ರ ಹಾಕಿಕೊಂಡವರಿಗಾಗಿ ಹಾಲಿನಲ್ಲಿ ಇಂಡಕ್ಷನ್ ಲೂಪ್ (ಮೈಕಿನ ಧ್ವನಿಯನ್ನು ನೇರ ಆ ಯಂತ್ರಕ್ಕೆ ಕಳಿಸುವ ತಂತಿಯ ಸುತ್ತು) ಇದ್ದರೆ, ಅದು ಮೈಕಿನೊಳಗೆ ಹೋದ ಮಾತನ್ನು ಮಾತ್ರ ಅವರಿಗೆ ತಲುಪಿಸುತ್ತದೆ. ಮೈಕಿಲ್ಲದೆ ಎಷ್ಟು ಗಟ್ಟಿಯಾಗಿ ಮಾತಾಡಿದರೂ ಲೂಪಿಗೆ ಅದು ಮೌನವೇ. ಸಭೆಯಿಂದ ಬಂದ ಪ್ರಶ್ನೆಗೂ ಇದೇ ನಿಯಮ: ಒಂದೋ ಮೈಕಿನಲ್ಲಿ ಕೇಳಿಸಬೇಕು, ಇಲ್ಲವೇ ನಿರೂಪಕ ಅದನ್ನು ಮತ್ತೊಮ್ಮೆ ಹೇಳಬೇಕು. ಮೈಕನ್ನು ಗದ್ದದ ಕೆಳಗೆ ಒಂದು ಮುಷ್ಟಿ ದೂರದಲ್ಲಿ ಹಿಡಿಯಲು ಹೇಳಿಕೊಡು. ಬಾಯಿಗೆ ನೇರ ಹಿಡಿದರೆ ಪ, ಫ, ಬ ಬಂದಾಗಲೆಲ್ಲ ಸ್ಪೀಕರಿನಲ್ಲಿ ಪಟಾಕಿ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕು ನೋಡಲು ಚೆಂದ, ಆದರೆ ಸೆರಗೋ ಶಾಲೋ ತಾಗಿ ಇಡೀ ಸಂಜೆ ಕರಕರ ಅನ್ನುತ್ತದೆ. ಕೈಮೈಕೇ ವಾಸಿ, ಹೊಸ ಬ್ಯಾಟರಿ ಹಾಕಿ, ಇನ್ನೊಂದು ಜೊತೆ ಜೇಬಿನಲ್ಲಿಟ್ಟುಕೊಂಡು.

ಕಥೆಯ ಸಂಜೆಯ ವಿಚಾರ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಹೆಚ್ಚು ಎಡವುವುದು ಅಲ್ಲೇ. ವೇದಿಕೆಯ ಮೇಲೆ ನಿಂತು ಸ್ವಂತ ಕಥೆ ಹೇಳುವ ಪದ್ಧತಿಗೆ ಇವತ್ತಿನ ರೂಪ ಕೊಟ್ಟವರಲ್ಲಿ 1997ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ‘ದಿ ಮಾತ್’ ಎಂಬ ಸಂಸ್ಥೆ ಮುಖ್ಯ. ಅವರ ಸ್ಪರ್ಧೆಯ ಸಂಜೆಗಳಲ್ಲಿ ಚೀಟಿ ಎತ್ತಿ 10 ಜನರನ್ನು ಕರೆಯುತ್ತಾರೆ, ಒಬ್ಬೊಬ್ಬರಿಗೆ 5 ನಿಮಿಷ. ಕಥೆ ನಿಜವಾಗಿರಬೇಕು, ಹೇಳುವವರದ್ದೇ ಆಗಿರಬೇಕು, ಕೈಯಲ್ಲಿ ಕಾಗದ ಇರಬಾರದು. ಈ ಮೂರು ನಿಯಮಗಳನ್ನು ಹಾಗೇ ತೆಗೆದುಕೋ, ಸ್ಪರ್ಧೆಯನ್ನು ಬಿಡು. ಗ್ರಂಥಾಲಯದಲ್ಲಿ ಒಬ್ಬರ ನೋವಿಗೆ 7, ಇನ್ನೊಬ್ಬರದ್ದಕ್ಕೆ 8 ಅಂತ ಅಂಕ ಕೊಡುವುದು ನನಗಂತೂ ಹಿಡಿಸುವುದಿಲ್ಲ. 10 ಜನವೂ ಜಾಸ್ತಿ. 7 ಜನ, ತಲಾ 6 ನಿಮಿಷ, ನಡುವೆ 15 ನಿಮಿಷ ಬಿಡುವು. ನಿರೂಪಣೆ, ಚಪ್ಪಾಳೆ, ತಡ ಎಲ್ಲ ಸೇರಿ ಒಂದೂವರೆ ಗಂಟೆ ಆಗೇ ಆಗುತ್ತದೆ.

ಸಂಜೆಯ ಕಥಾವಸ್ತುವನ್ನು ಅಮೂರ್ತವಾಗಿಡಬೇಡ. “ಧೈರ್ಯ” ಅಂತ ಘೋಷಿಸಿದರೆ ಭಾಷಣ ಬರುತ್ತದೆ. “ಬೀಗದ ಕೈ” ಅಂದು ನೋಡು, ಕಥೆ ಬರುತ್ತದೆ.

ಒಂದು ವಾರ ಮೊದಲು ಪ್ರತಿಯೊಬ್ಬರ ಜೊತೆ ಫೋನಿನಲ್ಲಿ 20 ನಿಮಿಷ ಮಾತಾಡು. ಪೂರ್ತಿ ಕಥೆ ತಿದ್ದಲು ಹೋಗಬೇಡ, ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಯಾವುದು ಅಂತ ಕೇಳು. ಬಾಯಿಪಾಠ ಇರಬೇಕಾದದ್ದು ಅವೆರಡೇ. ನಡುವಿನದನ್ನೂ ಉರು ಹೊಡೆದವರು ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತಾರೆ. ಹೊಸಬರು ಸಾಮಾನ್ಯವಾಗಿ “ನನ್ನ ಬಾಲ್ಯ ತುಂಬಾ ಕಷ್ಟದಲ್ಲಿ ಕಳೆಯಿತು” ಅಂತ ಶುರುಮಾಡುತ್ತಾರೆ. ಹಾಗಂದರೆ ಏನಾಯಿತು, ಯಾವ ದಿನ, ಎಲ್ಲಿ ನಿಂತಿದ್ದಿರಿ ಅಂತ ಮೂರು ಸಲ ಕೇಳು. “ಪರೀಕ್ಷೆಯ ದಿನ ಬೆಳಿಗ್ಗೆ ಮನೆಗೆ ಬೀಗ. ಬೀಗದ ಕೈ ಅಪ್ಪನ ಜೇಬಿನಲ್ಲಿ, ಅಪ್ಪ ರೈಲಿನಲ್ಲಿ” ಅಂತ ಹೊರಬೀಳುತ್ತದೆ. ಅದೇ ಮೊದಲ ವಾಕ್ಯ. ಬಾಲ್ಯದ ಕಷ್ಟವನ್ನು ಇನ್ನು ಯಾರೂ ಹೇಳಬೇಕಾಗಿಲ್ಲ.

ಅದೇ ಫೋನಿನಲ್ಲಿ ಇನ್ನೊಂದನ್ನೂ ಕಿವಿಗೊಟ್ಟು ಗಮನಿಸು. ಹೇಳುತ್ತ ಹೇಳುತ್ತ ಉಸಿರು ಕಟ್ಟಿ ಮುಂದುವರಿಸಲಾಗದೆ ಹೋದರೆ ಆ ಗಾಯ ಇನ್ನೂ ಹಸಿ. “ಇದನ್ನು ಮುಂದಿನ ವರ್ಷ ಹೇಳೋಣ, ಈಗ ಬೇರೆಯದೊಂದು ಇದೆಯೇ?” ಅಂತ ಮೆಲ್ಲಗೆ ತಿರುಗಿಸು. ಕಥೆಯಲ್ಲಿ ಬರುವ ಬೇರೆಯವರ ಹೆಸರು, ಕಾಯಿಲೆ, ಜಗಳಗಳ ಬಗ್ಗೆಯೂ ಕೇಳು. ನಿನ್ನ ಕಥೆಗಾರರು ಒಪ್ಪಿ ಬಂದಿದ್ದಾರೆ, ಅವರ ಅತ್ತೆ ಒಪ್ಪಿಲ್ಲವಲ್ಲ!

ಸಮಯ ಮುಗಿದದ್ದಕ್ಕೆ ಗಂಟೆ ಬಾರಿಸಬೇಡ. ಸರಿಯಾಗಿ ಅಳು ಬರುವ ಸಾಲಿಗೇ ಗಂಟೆ ಬಿದ್ದರೆ ಸಭೆ ನಗುತ್ತದೆ, ಆ ನಗುವನ್ನು ಅವರು ಮರೆಯುವುದಿಲ್ಲ. ಹಿಂದಿನ ಗೋಡೆಯ ಹತ್ತಿರ ಒಂದು ಸಣ್ಣ ದೀಪ ಸಾಕು, 5ನೇ ನಿಮಿಷಕ್ಕೆ ಹೊತ್ತಲಿ, 6ಕ್ಕೆ ಮಿನುಗಲಿ. ಸರದಿಯನ್ನು ಚೀಟಿಗೆ ಬಿಡದೆ ನೀನೇ ಜೋಡಿಸು: ಮೊದಲು ಹಗುರವಾದದ್ದು, ತೀರಾ ಭಾರವಾದದ್ದು ಬಿಡುವಿಗೆ ಸ್ವಲ್ಪ ಮುಂಚೆ, ಎರಡು ಸಾವು ಅಕ್ಕಪಕ್ಕ ಬರಕೂಡದು.

ಧ್ವನಿಮುದ್ರಣಕ್ಕೆ ಒಪ್ಪಿಗೆ ಪತ್ರದಲ್ಲಿ ಒಂದೇ ಸಹಿ ಸಾಲದು. ಮುದ್ರಣ ಬೇಡ, ಗ್ರಂಥಾಲಯದ ಸಂಗ್ರಹಕ್ಕೆ ಮಾತ್ರ, ಇಂಟರ್ನೆಟ್ಟಿಗೂ ಸರಿ ಅಂತ ಮೂರು ಆಯ್ಕೆ ಕೊಡು. ಕಥೆ ಹೇಳಿ ಮುಗಿಸಿದ ಎರಡು ದಿನದ ಮೇಲೆ ಮತ್ತೊಮ್ಮೆ ಕೇಳು. ಚಪ್ಪಾಳೆಯ ಬಿಸಿಯಲ್ಲಿ ಹೂಂ ಅಂದವರಿಗೆ ಮರುದಿನ ಬೇರೆ ಅನ್ನಿಸಬಹುದು, ಆಗ ತೆಗೆದುಹಾಕುವ ದಾರಿಯೂ ಆ ಪತ್ರದಲ್ಲೇ ಬರೆದಿರಲಿ.

ವೇದಿಕೆ ಅಂದರೆ ನಡುಗುವವರಿಗೂ ದಾರಿಗಳಿವೆ. 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಪುಟ್ಟ ಕೋಣೆಯಿಂದ ಶುರುವಾದ ಸ್ಟೋರಿಕಾರ್ಪ್ಸ್‌ನಲ್ಲಿ ಪರಸ್ಪರ ಪರಿಚಯವಿರುವ ಇಬ್ಬರು ಎದುರುಬದುರು ಕೂತು 40 ನಿಮಿಷ ಮಾತಾಡುತ್ತಾರೆ. ಒಂದು ಪ್ರತಿ ಅವರಿಗೆ, ಒಪ್ಪಿದರೆ ಇನ್ನೊಂದು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್‌ಗೆ. ಡೆನ್ಮಾರ್ಕಿನಲ್ಲಿ 2000ದಲ್ಲಿ ಆರಂಭವಾದ ಹ್ಯೂಮನ್ ಲೈಬ್ರರಿಯಲ್ಲಿ ಮನುಷ್ಯರೇ ಪುಸ್ತಕ: ಓದುಗ ಒಬ್ಬರನ್ನು ಸುಮಾರು ಅರ್ಧ ಗಂಟೆಗೆ ಎರವಲು ಪಡೆದು ಕೇಳಬೇಕಾದದ್ದನ್ನು ಕೇಳಬಹುದು. ಇವೆರಡಕ್ಕೂ ನಿನಗೆ ಬೇಕಾಗುವುದು ಸದ್ದಿಲ್ಲದ ಒಂದು ಕೋಣೆ, ಅಷ್ಟೇ.

ಲೇಖಕರ ಕಾರ್ಯಕ್ರಮ ಇದಕ್ಕಿಂತ ಸಲೀಸು, ಕೆಲಸವೆಲ್ಲ ಮುಂಚೆಯೇ ಮುಗಿದಿದ್ದರೆ. ಮೂರು ತಿಂಗಳು ಮೊದಲು ಬರೆ. ಮೊದಲ ಪತ್ರದಲ್ಲೇ ದಿನಾಂಕ, ಅವಧಿ, ಎಂಥ ಓದುಗರು, ಸಂಭಾವನೆ ಎಷ್ಟು, ಪ್ರಯಾಣದ ಖರ್ಚು ಯಾರದ್ದು, ಪುಸ್ತಕ ಮಾರಾಟ ಇದೆಯೇ, ಧ್ವನಿಮುದ್ರಣ ಮಾಡುತ್ತೀರಾ, ಜೊತೆಗೆ ಮಾತಾಡುವವರು ಯಾರು ಎಲ್ಲವೂ ಇರಲಿ. ಸಂಭಾವನೆ ಕೊಡಲಾಗದಿದ್ದರೆ ಅದನ್ನೂ ನೇರವಾಗಿ ಬರೆ. ಎರಡನೇ ಪತ್ರದಲ್ಲಿ ಹೇಳಿದರೆ ಮೋಸ ಮಾಡಿದ ಹಾಗೆ.

60 ನಿಮಿಷವನ್ನು ನಾನಾದರೆ ಹೀಗೆ ಹಂಚುತ್ತೇನೆ: ಪರಿಚಯ 3, ಓದು 10, ಮಾತುಕತೆ 25, ಸಭೆಯ ಪ್ರಶ್ನೆ 20, ಉಳಿದ 2 ನಿಮಿಷ ಹೇಗೂ ಕಳೆದುಹೋಗುತ್ತದೆ. ಪರಿಚಯದಲ್ಲಿ ಪ್ರಶಸ್ತಿಗಳ ಪಟ್ಟಿ ಬೇಡ, ಬಂದವರಿಗೆ ಅದು ಗೊತ್ತಿರುತ್ತದೆ. ಓದಿಗೆ ತಲಾ 5 ನಿಮಿಷದ ಎರಡು ಭಾಗ ಆರಿಸಲು ಹೇಳು. ಒಂದು ಪುಟ ಗಟ್ಟಿಯಾಗಿ ಓದಲು ಎರಡೂವರೆ ಮೂರು ನಿಮಿಷ ಬೇಕು, ಆದ್ದರಿಂದ 5 ನಿಮಿಷ ಅಂದರೆ ಎರಡು ಪುಟಕ್ಕಿಂತ ಹೆಚ್ಚಲ್ಲ. ಲೇಖಕರು ಬಹುತೇಕ ಆರು ಪುಟ ಗುರುತು ಹಾಕಿಕೊಂಡೇ ಬರುತ್ತಾರೆ.

ಪ್ರಶ್ನೋತ್ತರದಲ್ಲಿ ಮೈಕನ್ನು ಯಾರ ಕೈಗೂ ಬಿಡಬೇಡ. ನೀನೋ ನಿನ್ನ ಸಹಾಯಕರೋ ಹಿಡಿದುಕೊಂಡು ಪ್ರಶ್ನೆ ಕೇಳುವವರ ಮುಂದೆ ಚಾಚಿ. ಮೈಕು ಕೈಗೆ ಸಿಕ್ಕವರು ಪ್ರಶ್ನೆಯ ಬದಲು ತಮ್ಮ ಜೀವನದರ್ಶನ ಶುರುಮಾಡಿದರೆ ವಾಪಸು ಪಡೆಯುವುದು ಕಷ್ಟ, ನಿನ್ನ ಕೈಲೇ ಇದ್ದರೆ “ಅಂದರೆ ನಿಮ್ಮ ಪ್ರಶ್ನೆ…” ಅಂತ ನಿನ್ನ ಬಾಯಿಯತ್ತ ತಿರುಗಿಸಿಕೊಳ್ಳಬಹುದು. ಇನ್ನು “ಪ್ರಶ್ನೆಗಳಿವೆಯೇ?” ಅಂದಾಗ ಸಭೆ ತಣ್ಣಗೆ ಕೂತಿರುವುದು. ಪ್ರಶ್ನೆ ಇಲ್ಲದೆ ಅಲ್ಲ, ಮೊದಲಿಗರಾಗಲು ಹಿಂಜರಿಕೆ. ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಿ, ನಿಮ್ಮಿಬ್ಬರಿಗೆ ಒಂದು ಪ್ರಶ್ನೆ ಹೊಳೆಯಲಿ ಅಂದರೆ ಹಾಲ್ ಗಿಜಿಗುಡುತ್ತದೆ, ಆಮೇಲೆ ಕೈಗಳು ತಾವಾಗಿ ಏಳುತ್ತವೆ.

ಇಷ್ಟೆಲ್ಲ ಮಾಡಿಯೂ ಕಪಾಟು ಖಾಲಿ ಇದ್ದರೆ ಏನು ಬಂತು? 6 ವಾರ ಮೊದಲೇ ಆ ಲೇಖಕರ ಪುಸ್ತಕಗಳ ಹೆಚ್ಚುವರಿ ಪ್ರತಿ ತರಿಸು, ಕಾರ್ಯಕ್ರಮದ ದಿನ ಬಾಗಿಲ ಬಳಿ ಮೇಜು ಹಾಕಿ ಅಲ್ಲೇ ಎರವಲು ಕೊಡು. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೂರನೆಯದು ‘ಪ್ರತಿ ಪುಸ್ತಕಕ್ಕೂ ಅದರ ಓದುಗ’. ಲೇಖಕರನ್ನು ಕರೆಸುವುದರ ಲೆಕ್ಕ ಅದೇ. ಎಷ್ಟು ತಲೆ ಬಂದವು ಅನ್ನುವುದರ ಜೊತೆಗೆ ಮುಂದಿನ ಒಂದು ತಿಂಗಳು ಆ ಪುಸ್ತಕಗಳು ಎಷ್ಟು ಸಲ ಹೊರಗೆ ಹೋದವು ಅಂತಲೂ ಬರೆದಿಡು.

ಸಿನಿಮಾಕ್ಕೆ ಮೊದಲು ಪರವಾನಗಿ, ಆಮೇಲೆ ಉಳಿದದ್ದು. ಡಿವಿಡಿ ಕೊಂಡಿದ್ದೇವೆ, ಚಂದಾ ಕಟ್ಟಿದ್ದೇವೆ ಅನ್ನುವುದು ಮನೆಯಲ್ಲಿ ನೋಡುವುದಕ್ಕೆ ಮಾತ್ರ. ಟಿಕೆಟ್ ಇಲ್ಲದಿದ್ದರೂ ಸಾರ್ವಜನಿಕ ಪ್ರದರ್ಶನಕ್ಕೆ ಸಾಮಾನ್ಯವಾಗಿ ಬೇರೆಯೇ ಹಕ್ಕು ಬೇಕು. ಒಂದೊಂದು ಚಿತ್ರಕ್ಕೆ ಪಡೆಯಬಹುದು, ಕೆಲವು ದೇಶಗಳಲ್ಲಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಹಲವು ಸಂಸ್ಥೆಗಳ ಚಿತ್ರಗಳಿಗೆ ಒಟ್ಟಾಗಿಯೂ ಸಿಗುತ್ತದೆ. ಒಟ್ಟು ಪರವಾನಗಿಯಲ್ಲಿ ಒಂದು ಕೊಕ್ಕೆ ಇರುವುದುಂಟು: ಚಿತ್ರದ ಹೆಸರನ್ನು ಗ್ರಂಥಾಲಯದ ಹೊರಗೆ ಜಾಹೀರಾತು ಮಾಡುವಂತಿಲ್ಲ. ಪೋಸ್ಟರ್ ಅಚ್ಚಿಗೆ ಕಳಿಸುವ ಮೊದಲು ಷರತ್ತು ಓದು. ಹಕ್ಕಿನ ಅವಧಿ ಮುಗಿದ ಹಳೆಯ ಚಿತ್ರ ಅಂತಲೂ ಅವಸರ ಬೇಡ. ಭಾರತದಲ್ಲಿ ಚಲನಚಿತ್ರದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ, ಅಮೆರಿಕದಲ್ಲಿ ಹಳೆಯ ಚಿತ್ರಗಳಿಗೆ 95 ವರ್ಷದವರೆಗೂ ಇದೆ, ಹಾಗಾಗಿ ಒಂದು ಕಡೆ ಮುಕ್ತವಾದದ್ದು ಇನ್ನೊಂದು ಕಡೆ ಆಗಿರಬೇಕಿಲ್ಲ. ಮೂಕಿ ಚಿತ್ರ ಮುಕ್ತವಾಗಿದ್ದರೂ ಅದಕ್ಕೆ ಇತ್ತೀಚೆಗೆ ಸೇರಿಸಿದ ಸಂಗೀತ ಮುಕ್ತವಲ್ಲ. ಇದ್ಯಾವುದೂ ಹೊಂದದಿದ್ದರೆ, ಎಲ್ಲರೂ ಮನೆಯಲ್ಲೇ ನೋಡಿಕೊಂಡು ಬರಲಿ, ನಿನ್ನಲ್ಲಿ ಚರ್ಚೆ ಮಾತ್ರ ನಡೆಯಲಿ. ಪುಸ್ತಕಕೂಟಗಳು ನಡೆಯುವುದು ಹಾಗೇ ಅಲ್ಲವೇ?

ಎರಡೂವರೆ ಗಂಟೆಗೆ ಹಾಲ್ ಸಿಕ್ಕಿದ್ದರೆ 95 ನಿಮಿಷಕ್ಕಿಂತ ಉದ್ದದ ಚಿತ್ರ ಬೇಡ. ಉದ್ದದ್ದು ತೋರಿಸಿ ಕೊನೆಗೆ 10 ನಿಮಿಷ “ಚರ್ಚೆ” ಅಂತ ಇಟ್ಟರೆ ಅಷ್ಟು ಹೊತ್ತಿಗೆ ಅರ್ಧ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಪರದೆಯ ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ, ಇಲ್ಲದಿದ್ದರೆ ಮುಂದಿನ ತಲೆಗಳು ಸಬ್‌ಟೈಟಲ್ ತಿನ್ನುತ್ತವೆ. ಕೊನೆಯ ಸಾಲು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಹೋಗದಿರಲಿ. ಹಿಂದಿನ ದಿನ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್, ಅದೇ ಚಿತ್ರ ಹಾಕಿ 5 ನಿಮಿಷ ಓಡಿಸಿ ನೋಡು. ಎಚ್‌ಡಿಎಂಐ ಕೇಬಲ್ ಚುಚ್ಚಿದ ತಕ್ಷಣ ಧ್ವನಿ ಹಾಲಿನ ಸ್ಪೀಕರ್ ಬಿಟ್ಟು ಪ್ರೊಜೆಕ್ಟರಿನ ಪುಟಾಣಿ ಸ್ಪೀಕರಿಗೆ ಹಾರುತ್ತದೆ. ಇದು ನಡೆದೇ ನಡೆಯುತ್ತದೆ, ಜನ ಕೂತ ಮೇಲೆ ನಡೆಯುವುದು ಬೇಡ. ಲ್ಯಾಪ್‌ಟಾಪ್ ನಿದ್ದೆ ಹೋಗದಂತೆ ಮಾಡು, ಮೆಸೇಜುಗಳನ್ನು ಬಾಯಿ ಮುಚ್ಚಿಸು.

ಚಿತ್ರ ಮುಗಿದ ಕೂಡಲೇ ದೀಪ ಫಳ್ಳನೆ ಹಾಕಬೇಡ. ಹೆಸರುಗಳು ಓಡುತ್ತಿರಲಿ, ಅರ್ಧ ಬೆಳಕು ಬರಲಿ, ಜನ ಕಣ್ಣೊರೆಸಿಕೊಳ್ಳಲಿ. ಮೊದಲ ಪ್ರಶ್ನೆ “ಹೇಗಿತ್ತು?” ಆಗಬಾರದು. ಅದಕ್ಕೆ ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂಬ ಎರಡೇ ಉತ್ತರ, ಆಮೇಲೆ ಮುಂದೆ ದಾರಿಯಿಲ್ಲ. “ಕಣ್ಣು ಮುಚ್ಚಿದರೆ ಈಗ ಯಾವ ದೃಶ್ಯ ಕಾಣುತ್ತಿದೆ?” ಅಂತ ಕೇಳು.

ಮಾತು ಕಥಾಸಾರಾಂಶಕ್ಕೆ ಜಾರಿದರೆ ಎರಡು ನಿಮಿಷದ ಒಂದು ದೃಶ್ಯವನ್ನು ಮತ್ತೆ ಹಾಕು, ಮೊದಲು ಧ್ವನಿ ಇಲ್ಲದೆ. ಹೆಂಗಸೊಬ್ಬಳು ಎರಡು ತಟ್ಟೆ ಇಡುತ್ತಾಳೆ, ತಡೆಯುತ್ತಾಳೆ, ಒಂದನ್ನು ತಿರುಗಿ ಎತ್ತಿಡುತ್ತಾಳೆ ಅಂದುಕೋ. ಧ್ವನಿ ಇಲ್ಲದಾಗ ಜನ ಅವಳ ಕೈ ನೋಡುತ್ತಾರೆ, ತಟ್ಟೆ ಎತ್ತುವ ಮೊದಲಿನ ಆ ತಡೆ ಎಷ್ಟು ಉದ್ದವಿದೆ ಅಂತ ಗಮನಿಸುತ್ತಾರೆ. ಈಗ ಧ್ವನಿ ಕೊಟ್ಟು ಹಾಕು. ದೂರದಲ್ಲಿ ವಾಹನವೊಂದು ಹೊರಟುಹೋಗುವ ಸದ್ದು ಆ ತಡೆಯೊಳಗೇ ಇತ್ತು! ಮೊದಲ ಸಲ ಅದು ಯಾರ ಕಿವಿಗೂ ಬಿದ್ದಿರುವುದಿಲ್ಲ. ಚರ್ಚೆ ಏರುವುದು ಅಲ್ಲಿಂದ. ನಿನ್ನ ವಿಷಯತಜ್ಞರು 5 ನಿಮಿಷಕ್ಕಿಂತ ಹೆಚ್ಚು ಮಾತಾಡದಂತೆ ಮೊದಲೇ ಹೇಳಿರು, ಎಷ್ಟೇ ದೊಡ್ಡವರಾದರೂ.

ಮೂರರಲ್ಲಿ ಯಾವುದರಿಂದ ಶುರುಮಾಡಲಿ ಅಂದರೆ ಲೇಖಕರಿಂದ. ಆ ದಿನ ಬಂದವರ ಕೈಗೆ ಬೀಗದ ಕೈ ಅಂತ ಬರೆದ ಚೀಟಿ ಕೊಡು, ಕಥೆಗಾರರು ಅಲ್ಲೇ ಸಿಗುತ್ತಾರೆ. ಸಿನಿಮಾ ಕೊನೆಗಿರಲಿ, ಪರವಾನಗಿಯ ಉತ್ತರಕ್ಕೆ ಹೇಗೂ ಕಾಯಬೇಕು. ಚಿತ್ರ ಆರಿಸಿದ ಮೇಲೆ ನನಗೆ ಬರೆ, ಹೆಸರಿಗಿಂತ ಮೊದಲು ಎಷ್ಟು ನಿಮಿಷದ್ದು ಅಂತ ತಿಳಿಸು.

ನಿನ್ನ
ಗೆಳೆಯ